ಅಣುವಿನ ರಚನೆಯನ್ನು ಅರಿಯುವ ಬಗೆ: ಕಾಂತ ಅನುರಣನೆಯ ಹಲವು ವಿಧಾನಗಳು

ನಾಲ್ಕು ಸೀಸೆಗಳಲ್ಲಿ ನಾಲ್ಕು ದ್ರವಗಳಿವೆ ಎಂದು ಭಾವಿಸೋಣ. ನಾಲ್ಕೂ ಬಣ್ಣವಿಲ್ಲದವು, ನೀರಿನಂತೆ ತಿಳಿಯಾದವು. ವಿಶ್ಲೇಷಣೆ ಮಾಡಿ ನೋಡಿದರೆ ನಾಲ್ಕರ ಅಣುಸೂತ್ರವೂ ಒಂದೇ: ಪ್ರತಿಯೊಂದು ಅಣುವಿನಲ್ಲಿಯೂ ನಾಲ್ಕು ಇಂಗಾಲ, ಎಂಟು ಜಲಜನಕ, ಎರಡು ಆಮ್ಲಜನಕ ಪರಮಾಣುಗಳು. ಆದರೆ ಮೊದಲನೆಯದು ಈಥೈಲ್ ಅಸಿಟೇಟ್; ಹಣ್ಣಿನಂತಹ ವಾಸನೆಯುಳ್ಳದ್ದು, ಬಣ್ಣ ಅಂಟುಗಳ ತಯಾರಿಕೆಯಲ್ಲಿ ದ್ರಾವಕವಾಗಿ ಉಪಯೋಗವಾಗತಕ್ಕದ್ದು. ಎರಡನೆಯದು ಮೀಥೈಲ್ ಪ್ರೊಪನೋಯೇಟ್. ಇದಕ್ಕೂ ಹಣ್ಣಿನ ವಾಸನೆಯೇ. ಮೂರನೆಯದು ಬ್ಯುಟಿರಿಕ್ ಆಮ್ಲ. ಕೆಟ್ಟುಹೋದ ಬೆಣ್ಣೆಯ ಕಮಟು ನಾತಕ್ಕೆ ಇದೇ ಕಾರಣ. ನಾಲ್ಕನೆಯದು ಡೈಆಕ್ಸೇನ್, ಕ್ಯಾನ್ಸರ್ ತರಬಹುದೆಂಬ ಶಂಕೆಗೆ ಒಳಗಾಗಿರುವ ವಸ್ತು.

ಸೂತ್ರ ಒಂದೇ ಆಗಿದ್ದು ಗುಣಗಳು ಹೀಗೆ ಬೇರೆಯಾಗುವುದೇಕೆ? ‘ರಸ’ ಎಂಬ ಪದದಲ್ಲಿರುವ ಅಕ್ಷರಗಳೇ ‘ಸರ’ ಎಂಬ ಪದದಲ್ಲಿಯೂ ಇವೆ. ಕ್ರಮ ಬೇರೆಯಾದುದರಿಂದ ಅರ್ಥ ಬೇರೆಯಾಯಿತು. ಅಣುವಿನ ವಿಷಯವೂ ಹೀಗೆಯೇ. ಯಾವ ಪರಮಾಣು ಎಷ್ಟಿದೆ ಎಂಬುದರಿಂದ ಮಾತ್ರವೇ ಅದರ ಗುಣ ನಿರ್ಧಾರವಾಗುವುದಿಲ್ಲ; ಯಾವುದು ಯಾವುದಕ್ಕೆ ಬಂಧಿತವಾಗಿದೆ, ಯಾವುದು ಯಾವುದರ ಸಮೀಪದಲ್ಲಿ ನಿಂತಿದೆ ಎಂಬುದೂ ಮುಖ್ಯ. ಈ ಜೋಡಣೆಯನ್ನೇ ಅಣುವಿನ ರಚನೆ ಎನ್ನುತ್ತೇವೆ. ಸೂತ್ರ ಒಂದೇ ಆಗಿ ರಚನೆ ಬೇರೆಯಾದ ವಸ್ತುಗಳಿಗೆ ಸಮಾಂಗಿಗಳೆಂದು ಹೆಸರು.

ಈಗ ಸೀಸೆಗಳ ಮೇಲಿನ ಚೀಟಿಗಳು ಕಳಚಿಹೋಗಿವೆ ಎಂದಿಟ್ಟುಕೊಳ್ಳೋಣ. ಯಾವುದು ಯಾವುದೆಂದು ಗುರುತಿಸುವುದು ಹೇಗೆ? ಕುದಿಬಿಂದುವನ್ನು ಅಳೆಯಬಹುದು. ಆದರೆ ಈಥೈಲ್ ಅಸಿಟೇಟ್ ಸುಮಾರು ೭೭ ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಮೀಥೈಲ್ ಪ್ರೊಪನೋಯೇಟ್ ಸುಮಾರು ೮೦ ಡಿಗ್ರಿಯಲ್ಲಿ. ಸ್ವಲ್ಪ ಕಲ್ಮಷ ಬೆರೆತರೂ ಈ ವ್ಯತ್ಯಾಸವನ್ನು ನಂಬುವಂತಿಲ್ಲ. ಇವು ಹಳೆಯ, ಪರಿಚಿತ ವಸ್ತುಗಳು. ಕೋಷ್ಟಕಗಳಲ್ಲಿ ಇವುಗಳ ಗುಣಗಳಾದರೂ ದೊರೆಯುತ್ತವೆ. ಒಂದು ಗಿಡದ ಬೇರಿನಿಂದಲೋ ಒಂದು ಬೂಷ್ಟಿನಿಂದಲೋ ಪಡೆದ, ಹಿಂದೆ ಯಾರೂ ಕಾಣದಿದ್ದ ವಸ್ತುವಾದರೆ ಏನು ಗತಿ? ಅದು ಔಷಧವಾಗಬಲ್ಲುದಾದರೆ ಅದರ ರಚನೆಯನ್ನು ತಪ್ಪಿಲ್ಲದೆ ತಿಳಿಯಲೇಬೇಕು. ಸ್ಫಟಿಕ ದೊರೆತರೆ ಎಕ್ಸ್‌ಕಿರಣಗಳಿಂದ ರಚನೆಯನ್ನು ಕಾಣಬಹುದು. ಆದರೆ ಅನೇಕ ವಸ್ತುಗಳು ಸ್ಫಟಿಕವಾಗಲು ಒಪ್ಪುವುದಿಲ್ಲ. ದ್ರಾವಣದಲ್ಲಿರುವಂತೆಯೇ ಅಣುವನ್ನು ಪ್ರಶ್ನಿಸಿ ಉತ್ತರ ಪಡೆಯುವ ಉಪಾಯವೇ ನ್ಯೂಕ್ಲೀಯ ಕಾಂತ ಅನುರಣನೆ. ಇದು ಒಂದೇ ವಿಧಾನವಲ್ಲ, ವಿಧಾನಗಳ ಒಂದು ಕುಟುಂಬ. ಅವುಗಳಲ್ಲಿ ಒಂದೊಂದೂ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಯಾವ ಪ್ರಶ್ನೆಗೆ ಕೊಡಲಾರದು ಎಂಬುದನ್ನು ಈ ಲೇಖನದಲ್ಲಿ ಹೋಲಿಸಿ ನೋಡೋಣ.

ಬೀಜಗಳೆಂಬ ಕಿರುಕಾಂತಗಳು

ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಎಂಬ ಬೀಜವಿದೆಯಷ್ಟೆ. ಜಲಜನಕದ ಬೀಜವೆಂದರೆ ಒಂದು ಪ್ರೋಟಾನ್. ಅದಕ್ಕೆ ಭ್ರಮಣವೆಂಬ ಗುಣವುಂಟು. ಆದುದರಿಂದ ಅದು ಒಂದು ಅತಿ ಸಣ್ಣ ಕಾಂತದಂತೆ ವರ್ತಿಸುತ್ತದೆ. ಎಲ್ಲ ಬೀಜಗಳಿಗೂ ಈ ಗುಣವಿಲ್ಲ. ಸಾಮಾನ್ಯ ಇಂಗಾಲದ ಹಾಗೂ ಸಾಮಾನ್ಯ ಆಮ್ಲಜನಕದ ಬೀಜಗಳು ಈ ವಿಷಯದಲ್ಲಿ ಮೂಕವಾಗಿವೆ.

ತಿರುಗುತ್ತಿರುವ ಬುಗುರಿಯನ್ನು ವಾಚಕರು ನೋಡಿಯೇ ಇರುತ್ತಾರೆ. ಅದು ಸ್ವಲ್ಪ ವಾಲಿದಾಗ ಕೂಡಲೇ ಬೀಳುವುದಿಲ್ಲ. ಅದರ ಅಕ್ಷವೇ ನಿಧಾನವಾಗಿ ಸುತ್ತತೊಡಗುತ್ತದೆ. ಪ್ರಬಲ ಕಾಂತಕ್ಷೇತ್ರದಲ್ಲಿ ಇಟ್ಟ ಪ್ರೋಟಾನ್ ಕೂಡ ಹೀಗೆಯೇ ಕ್ಷೇತ್ರದ ದಿಕ್ಕಿನ ಸುತ್ತ ಸುತ್ತುತ್ತದೆಂದು ಕಲ್ಪಿಸಿಕೊಳ್ಳಬಹುದು. ಈ ಸುತ್ತುವಿಕೆಯ ಆವೃತ್ತಿ ಕಾಂತಕ್ಷೇತ್ರಕ್ಕೆ ನೇರ ಅನುಪಾತದಲ್ಲಿರುತ್ತದೆ: ಒಂದು ಟೆಸ್ಲಾ ಕ್ಷೇತ್ರದಲ್ಲಿ ಸೆಕೆಂಡಿಗೆ ೪.೨೫೮ ಕೋಟಿ ಸುತ್ತು, ಅಂದರೆ ೪೨.೫೮ ಮೆಗಾಹರ್ಟ್ಸ್. ಭೂಮಿಯ ಕಾಂತಕ್ಷೇತ್ರ ಒಂದು ಟೆಸ್ಲಾದ ಸ್ಥೂಲವಾಗಿ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಇಂದಿನ ಪ್ರಯೋಗಾಲಯಗಳಲ್ಲಿ ದ್ರವ ಹೀಲಿಯಮಿನಿಂದ ತಂಪಾಗಿಸಿದ ಅತಿವಾಹಕ ಕಾಂತಗಳಿಂದ ೧೪.೧ ಟೆಸ್ಲಾ ಮತ್ತು ಅದಕ್ಕೂ ಹೆಚ್ಚಿನ ಕ್ಷೇತ್ರಗಳನ್ನು ಪಡೆಯುತ್ತಾರೆ, ೧೪.೧ ಟೆಸ್ಲಾದಲ್ಲಿ ಪ್ರೋಟಾನಿನ ಆವೃತ್ತಿ ೬೦೦ ಮೆಗಾಹರ್ಟ್ಸ್.

ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಮಾತ್ರ ಅದು ಎತ್ತರಕ್ಕೆ ತೂಗುತ್ತದೆ. ಅದೇ ರೀತಿ, ಪ್ರೋಟಾನಿನ ಆವೃತ್ತಿಗೆ ಸರಿಹೊಂದುವ ರೇಡಿಯೋ ತರಂಗವನ್ನು ಹಾಯಿಸಿದಾಗ ಮಾತ್ರ ಬೀಜ ಅದರಿಂದ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಇದೇ ಅನುರಣನೆ. ಸಾಧಾರಣ ಉಷ್ಣತೆಯಲ್ಲಿ, ಮೇಲೆ ಹೇಳಿದ ೬೦೦ ಮೆಗಾಹರ್ಟ್ಸ್ ಉಪಕರಣದಲ್ಲಿಯೂ, ಕೆಳಗಿನ ಶಕ್ತಿಮಟ್ಟದ ಬೀಜಗಳು ಮೇಲಿನ ಮಟ್ಟದವಕ್ಕಿಂತ ಹೆಚ್ಚಾಗಿರುವುದು ಹತ್ತು ಲಕ್ಷಕ್ಕೆ ಸುಮಾರು ಐವತ್ತರಷ್ಟು ಮಾತ್ರ. ಈ ಅಲ್ಪ ಹೆಚ್ಚಳವೇ ನಮಗೆ ಸಂಕೇತವನ್ನು ಕೊಡುವುದು. ಈ ವಿದ್ಯೆಯಲ್ಲಿ ಸಂಕೇತದ ದೌರ್ಬಲ್ಯವೇ ಮುಖ್ಯ ತೊಡಕಾಗಿರುವುದಕ್ಕೆ ಇದು ಕಾರಣ.

೧೯೪೫ರ ಕೊನೆಯಿಂದ ೧೯೪೬ರ ಆರಂಭದವರೆಗಿನ ಅವಧಿಯಲ್ಲಿ ಹಾರ್ವರ್ಡಿನಲ್ಲಿ ಪರ್ಸೆಲ್ ಮತ್ತು ಸಂಗಡಿಗರು ಪ್ಯಾರಾಫಿನ್ ಮೇಣದಲ್ಲಿ, ಸ್ಟ್ಯಾನ್‌ಫರ್ಡಿನಲ್ಲಿ ಬ್ಲಾಕ್ ಮತ್ತು ಸಂಗಡಿಗರು ನೀರಿನಲ್ಲಿ, ಪರಸ್ಪರ ಸ್ವತಂತ್ರವಾಗಿ ಈ ಅನುರಣನೆಯನ್ನು ಕಂಡರು. ೧೯೫೨ರಲ್ಲಿ ಪರ್ಸೆಲ್ ಮತ್ತು ಬ್ಲಾಕ್ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆಗ ಅವರ ಲಕ್ಷ್ಯವಿದ್ದುದು ಬೀಜಗಳ ಕಾಂತತ್ವದ ಮೇಲೆ, ರಸಾಯನಶಾಸ್ತ್ರದ ಮೇಲಲ್ಲ. ೧೯೫೦ರಲ್ಲಿ ಪ್ರಾಕ್ಟರ್ ಮತ್ತು ಯೂ ಎಂಬವರು ಅಮೋನಿಯಂ ನೈಟ್ರೇಟಿನಲ್ಲಿ ಸಾರಜನಕದ ಅನುರಣನೆಯನ್ನು ಅಳೆಯಹೋದಾಗ ಒಂದರ ಬದಲು ಎರಡು ಸಂಕೇತಗಳು ಕಾಣಿಸಿಕೊಂಡವು. ಬೀಜದ ಆವೃತ್ತಿ ಅದು ಯಾವ ಸಂಯುಕ್ತದಲ್ಲಿದೆ ಎಂಬುದನ್ನೂ ಅವಲಂಬಿಸಿದ್ದರೆ ನಿಷ್ಕೃಷ್ಟ ಮಾಪನಕ್ಕೆ ಅದೊಂದು ಅಡ್ಡಿ. ಭೌತವಿಜ್ಞಾನಿಗಳಿಗೆ ಕಿರಿಕಿರಿಯಾಗಿದ್ದ ಆ ಅಡ್ಡಿಯೇ ರಸಾಯನವಿಜ್ಞಾನಿಗಳಿಗೆ ನಿಧಿಯಾಯಿತು.

ಮೊದಲನೆಯ ವಿಧಾನ: ಪ್ರೋಟಾನ್ ರೋಹಿತ

ಬೀಜದ ಸುತ್ತ ಎಲೆಕ್ಟ್ರಾನುಗಳಿವೆ. ಅವು ಹೊರಗಿನ ಕಾಂತಕ್ಷೇತ್ರಕ್ಕೆ ತೆಳುವಾದ ಮರೆಯಂತೆ ನಿಲ್ಲುತ್ತವೆ. ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಎಳೆದುಕೊಳ್ಳುವ ಆಮ್ಲಜನಕ ಹತ್ತಿರವಿದ್ದರೆ ಪ್ರೋಟಾನಿನ ಮರೆ ತೆಳುವಾಗಿ ಅದರ ಆವೃತ್ತಿ ಏರುತ್ತದೆ. ಈ ಬದಲಾವಣೆಗೆ ರಾಸಾಯನಿಕ ಪಲ್ಲಟವೆಂದು ಹೆಸರು. ಇದು ಬಹು ಅಲ್ಪವಾದುದರಿಂದ ಹತ್ತು ಲಕ್ಷದಲ್ಲಿ ಎಷ್ಟು ಭಾಗವೆಂದು, ಅಂದರೆ ದಶಲಕ್ಷಾಂಶಗಳಲ್ಲಿ, ಎಣಿಸುತ್ತಾರೆ. ಟೆಟ್ರಮೀಥೈಲ್ ಸಿಲೇನ್ ಎಂಬ ವಸ್ತುವಿನ ಸಂಕೇತವನ್ನು ಸೊನ್ನೆಯೆಂದು ಇಟ್ಟುಕೊಂಡಿದ್ದಾರೆ. ಹೀಗೆ ಎಣಿಸುವುದರಿಂದ ಉಪಕರಣ ಯಾವುದಾದರೂ ಅಂಕಿ ಒಂದೇ ಬರುತ್ತದೆ.

೧೯೫೧ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಆರ್ನಾಲ್ಡ್, ಧರ್ಮಟ್ಟಿ, ಪ್ಯಾಕರ್ಡ್ ಎಂಬ ಮೂವರು ಈಥೈಲ್ ಆಲ್ಕೊಹಾಲಿನ ಪ್ರೋಟಾನ್ ಸಂಕೇತವನ್ನು ಮೂರಾಗಿ ಬಿಡಿಸಿ ತೋರಿಸಿದರು. ಅವುಗಳ ವಿಸ್ತೀರ್ಣಗಳ ಅನುಪಾತ ೩:೨:೧. ಮೀಥೈಲ್ ಗುಂಪಿನಲ್ಲಿ ಮೂರು, ಮೀಥಿಲೀನ್ ಗುಂಪಿನಲ್ಲಿ ಎರಡು, ಆಮ್ಲಜನಕದ ಮೇಲೆ ಒಂದು ಜಲಜನಕ! ಅಣುವಿನ ಅಂಗಗಳೇ ಕಾಗದದ ಮೇಲೆ ಮೂಡಿದಂತಾಯಿತು. ಇವರಲ್ಲಿ ಎಸ್. ಎಸ್. ಧರ್ಮಟ್ಟಿ ಭಾರತೀಯರು, ಮುಂದೆ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಈ ವಿಷಯದ ಸಂಶೋಧನೆಯನ್ನು ಮುನ್ನಡೆಸಿದರು. ಅದೇ ೧೯೫೧ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಜಿ. ಸೂರ್ಯನ್ ಅವರು ಹರಿಯುವ ದ್ರವಗಳಲ್ಲಿ ನ್ಯೂಕ್ಲೀಯ ಅನುರಣನೆಯನ್ನು ಅಭ್ಯಸಿಸಿ ಪ್ರಬಂಧ ಪ್ರಕಟಿಸಿದರು.

ಪ್ರೋಟಾನ್ ರೋಹಿತದಿಂದ ಇನ್ನೊಂದು ಸುಳಿವೂ ದೊರೆಯುತ್ತದೆ. ಪಕ್ಕದ ಇಂಗಾಲದ ಮೇಲಿರುವ ಪ್ರೋಟಾನುಗಳ ಪ್ರಭಾವ ಬಂಧಗಳ ಮೂಲಕ ಹಾದುಬಂದು ಸಂಕೇತವನ್ನು ಸೀಳುತ್ತದೆ. ಪಕ್ಕದಲ್ಲಿ ಎರಡು ಪ್ರೋಟಾನುಗಳಿವೆ ಎನ್ನೋಣ. ಎರಡೂ ಮೇಲ್ಮುಖವಾಗಿರಬಹುದು, ಎರಡೂ ಕೆಳಮುಖವಾಗಿರಬಹುದು, ಒಂದು ಮೇಲೆ ಒಂದು ಕೆಳಗೆ ಇರಬಹುದು, ಇದಕ್ಕೆ ಎರಡು ಬಗೆ. ಆದುದರಿಂದ ಸಂಕೇತ ೧:೨:೧ ಅನುಪಾತದ ಮೂರು ಶಿಖರಗಳಾಗುತ್ತದೆ. ಪಕ್ಕದಲ್ಲಿ ಮೂರು ಇದ್ದರೆ ೧:೩:೩:೧ ಅನುಪಾತದ ನಾಲ್ಕು ಶಿಖರಗಳು. ಸ್ಥೂಲವಾಗಿ ಹೇಳುವುದಾದರೆ ನೆರೆಯ ಪ್ರೋಟಾನುಗಳ ಸಂಖ್ಯೆಗೆ ಒಂದನ್ನು ಕೂಡಿಸಿದರೆ ಶಿಖರಗಳ ಸಂಖ್ಯೆ ಬರುತ್ತದೆ.

ಈಗ ನಮ್ಮ ಸೀಸೆಗಳಿಗೆ ಬರೋಣ. ಪ್ರತಿಯೊಂದರಿಂದ ಒಂದೆರಡು ಹನಿಯನ್ನು, ಜಲಜನಕದ ಬದಲು ಡ್ಯೂಟೀರಿಯಂ ಇರುವ ಕ್ಲೋರೊಫಾರಮಿನಲ್ಲಿ ಕರಗಿಸಿ ರೋಹಿತ ತೆಗೆಯೋಣ. ಸಾಮಾನ್ಯ ದ್ರಾವಕವಾದರೆ ಅದರ ಪ್ರೋಟಾನುಗಳ ಗದ್ದಲದಲ್ಲಿ ನಮ್ಮ ವಸ್ತುವಿನ ದನಿ ಅಡಗಿಹೋಗುತ್ತದೆ. ಡೈಆಕ್ಸೇನಿನ ಎಂಟು ಪ್ರೋಟಾನುಗಳೂ ಸಮಾನ ಸ್ಥಾನದವು. ಆದುದರಿಂದ ಅದು ಒಂದೇ ಶಿಖರ ಕೊಟ್ಟು ಕೂಡಲೇ ಸಿಕ್ಕಿಬೀಳುತ್ತದೆ. ಬ್ಯುಟಿರಿಕ್ ಆಮ್ಲದಲ್ಲಿ ನಾಲ್ಕು ಗುಂಪುಗಳು, ಅನುಪಾತ ೩:೨:೨:೧, ಅದೂ ಬೇರೆಯಾಯಿತು. ಉಳಿದ ಎರಡು? ಎರಡರಲ್ಲಿಯೂ ೩:೨:೩ ಅನುಪಾತದ ಮೂರು ಗುಂಪುಗಳು. ಎರಡರಲ್ಲಿಯೂ ಒಂದು ಗುಂಪು ಮೂರಾಗಿ, ಒಂದು ನಾಲ್ಕಾಗಿ ಸೀಳಿದೆ, ಒಂದು ಸೀಳಿಲ್ಲ. ಎಣಿಕೆಯಿಂದಲೂ ಸೀಳಿನಿಂದಲೂ ಭೇದ ತಿಳಿಯದು.

ಇಲ್ಲಿ ಪಲ್ಲಟ ನೆರವಾಗುತ್ತದೆ. ಈಥೈಲ್ ಅಸಿಟೇಟಿನ ಮೂರು ಸ್ಥಾನಗಳು ೧.೨೬, ೨.೦೪, ೪.೧೨ ದಶಲಕ್ಷಾಂಶ. ಮೀಥೈಲ್ ಪ್ರೊಪನೋಯೇಟಿನಲ್ಲಿ ಅವು ಸುಮಾರು ೧.೧, ೨.೩, ೩.೭. ಮೊದಲನೆಯದರಲ್ಲಿ ನಾಲ್ಕಾಗಿ ಸೀಳಿದ ಮೀಥಿಲೀನ್ ಗುಂಪು ಆಮ್ಲಜನಕಕ್ಕೆ ಅಂಟಿಕೊಂಡಿರುವುದರಿಂದ ೪.೧೨ಕ್ಕೆ ಏರಿದೆ. ಎರಡನೆಯದರಲ್ಲಿ ಆಮ್ಲಜನಕಕ್ಕೆ ಅಂಟಿರುವುದು ಸೀಳಿಲ್ಲದ ಮೀಥೈಲ್ ಗುಂಪು. ಅದೇ ಅಲ್ಲಿ ೩.೭ಕ್ಕೆ ಏರಿದೆ. ನಾಲ್ಕು ಸೀಸೆಗಳ ಗುರುತೂ ಸಿಕ್ಕಿತು.

ಹಾಗಾದರೆ ಬೇರೆ ವಿಧಾನಗಳೇಕೆ? ಮೇಲಿನ ತೀರ್ಮಾನದಲ್ಲಿ ಒಂದು ಊಹೆಯಿದೆ. ಪಲ್ಲಟ ಹೆಚ್ಚಾಗಿರುವುದನ್ನು ನೋಡಿ ಆಮ್ಲಜನಕ ಹತ್ತಿರವಿರಬೇಕೆಂದು ಎಣಿಸಿದೆವು. ಬಂಧವನ್ನು ನೇರವಾಗಿ ಕಾಣಲಿಲ್ಲ. ನಾಲ್ಕು ಇಂಗಾಲಗಳ ಅಣುವಿಗೆ ಇಷ್ಟು ಸಾಕು. ನಾಲ್ವತ್ತು ಇಂಗಾಲಗಳ ಹೊಸ ಅಣುವಾದರೆ ಶಿಖರಗಳು ಒಂದರ ಮೇಲೊಂದು ಬಿದ್ದು ಎಣಿಕೆಯೇ ಕಷ್ಟವಾಗುತ್ತದೆ. ಅಲ್ಲಿ ಊಹೆಗಿಂತ ಬಲವಾದ ಸಾಕ್ಷ್ಯ ಬೇಕು.

ಎರಡನೆಯ ವಿಧಾನ: ಇಂಗಾಲದ ರೋಹಿತ

ಸಾವಯವ ಅಣುವಿನ ಬೆನ್ನೆಲುಬು ಇಂಗಾಲ. ಸಾಮಾನ್ಯ ಇಂಗಾಲ ಮೂಕವೆಂದು ಹೇಳಿದೆವಷ್ಟೆ. ಆದರೆ ನಿಸರ್ಗದ ಇಂಗಾಲದಲ್ಲಿ ನೂರಕ್ಕೆ ೧.೧ರಷ್ಟು ಇಂಗಾಲ-೧೩ ಎಂಬ ಐಸೊಟೋಪು ಇದೆ. ಅದರ ಬೀಜ ಕಾಂತಗುಣವುಳ್ಳದ್ದು. ಅದರ ಆವೃತ್ತಿ ಪ್ರೋಟಾನಿನದರ ಸುಮಾರು ನಾಲ್ಕನೆಯ ಒಂದು ಪಾಲು. ಸಂಖ್ಯೆಯೂ ಕಡಿಮೆ, ಕಾಂತಬಲವೂ ಕಡಿಮೆ. ಒಟ್ಟಿನಲ್ಲಿ ಇಂಗಾಲದ ಸಂಕೇತ ಪ್ರೋಟಾನಿನದಕ್ಕಿಂತ ಐದೂವರೆ ಸಾವಿರ ಪಟ್ಟಿಗೂ ಮೀರಿ ದುರ್ಬಲ. ೧೯೫೭ರಲ್ಲಿಯೇ ಲಾಟರ್‌ಬರ್ ಮತ್ತು ಹೋಲ್ಮ್ ಪ್ರತ್ಯೇಕವಾಗಿ ಇಂಗಾಲದ ರೋಹಿತಗಳನ್ನು ಪಡೆದಿದ್ದರೂ ಅದು ನಿತ್ಯದ ಸಾಧನವಾಗಲು ಇನ್ನೊಂದು ಉಪಾಯ ಬೇಕಾಯಿತು.

ಆ ಉಪಾಯವನ್ನು ೧೯೬೬ರಲ್ಲಿ ಎರ್ನ್‌ಸ್ಟ್ ಮತ್ತು ಆಂಡರ್ಸನ್ ಪ್ರಕಟಿಸಿದರು. ವೀಣೆಯ ತಂತಿಗಳನ್ನು ಒಂದೊಂದಾಗಿ ಮೀಟಿ ಶ್ರುತಿ ನೋಡುವಂತೆ, ಒಂದೊಂದೇ ಆವೃತ್ತಿಯನ್ನು ಹಾಯಿಸಿ ನೋಡುವುದು ಹಳೆಯ ಕ್ರಮ. ಎಲ್ಲ ತಂತಿಗಳನ್ನೂ ಒಮ್ಮೆಲೇ ಮೀಟಿ, ಬೆರೆತು ಬಂದ ನಾದವನ್ನು ದಾಖಲಿಸಿ, ಅದರಲ್ಲಿರುವ ಸ್ವರಗಳನ್ನು ಗಣಿತದಿಂದ ಬಿಡಿಸುವುದು ಹೊಸ ಕ್ರಮ. ಆ ಗಣಿತಕ್ಕೆ ಫೂರಿಯೇ ಪರಿವರ್ತನೆಯೆಂದು ಹೆಸರು. ಒಂದು ಸಲದ ಮಾಪನ ಕೆಲವೇ ಸೆಕೆಂಡುಗಳಲ್ಲಿ ಮುಗಿಯುವುದರಿಂದ ಅದನ್ನು ನೂರಾರು ಸಲ ಪುನರಾವರ್ತಿಸಿ ಕೂಡಬಹುದು. ನೂರು ಸಲ ಕೂಡಿದರೆ ಸಂಕೇತ ನೂರು ಪಟ್ಟಾಗುತ್ತದೆ. ಗೊತ್ತುಗುರಿಯಿಲ್ಲದ ಗದ್ದಲ ಹತ್ತು ಪಟ್ಟು ಮಾತ್ರ ಆಗುತ್ತದೆ. ಆದುದರಿಂದ ಸ್ಪಷ್ಟತೆ ಹತ್ತು ಪಟ್ಟು ಹೆಚ್ಚುತ್ತದೆ. ಸ್ಪಷ್ಟತೆ ಇಮ್ಮಡಿಯಾಗಬೇಕಾದರೆ ಕಾಲ ನಾಲ್ಮಡಿ ತೆರಬೇಕೆಂಬುದನ್ನೂ ವಿದ್ಯಾರ್ಥಿಗಳು ಗಮನಿಸಬೇಕು.

ಈಥೈಲ್ ಅಸಿಟೇಟಿನ ಇಂಗಾಲ ರೋಹಿತದಲ್ಲಿ ನಾಲ್ಕು ರೇಖೆಗಳಿವೆ: ಸುಮಾರು ೧೪, ೨೧, ೬೦, ೧೭೧ ದಶಲಕ್ಷಾಂಶಗಳಲ್ಲಿ. ಕೊನೆಯದು ಆಮ್ಲಜನಕದೊಡನೆ ದ್ವಿಬಂಧವುಳ್ಳ ಕಾರ್ಬೊನಿಲ್ ಇಂಗಾಲ. ಇದರ ಮೇಲೆ ಜಲಜನಕವೇ ಇಲ್ಲವಾದುದರಿಂದ ಪ್ರೋಟಾನ್ ರೋಹಿತದಲ್ಲಿ ಇದು ಅದೃಶ್ಯವಾಗಿತ್ತು. ಪ್ರೋಟಾನುಗಳು ಬಹುಮಟ್ಟಿಗೆ ೦ಯಿಂದ ೧೨ರ ಕಿರಿದಾದ ಹರವಿನಲ್ಲಿ ಒತ್ತೊತ್ತಾಗಿ ಬರುತ್ತವೆ. ಇಂಗಾಲಗಳಿಗೆ ೦ಯಿಂದ ೨೨೦ರವರೆಗೆ ವಿಶಾಲವಾದ ಬಯಲಿದೆ. ಆದುದರಿಂದ ಒಂದರ ಮೇಲೊಂದು ಬೀಳುವುದು ಅಪರೂಪ. ಆದರೆ ಸಾಮಾನ್ಯವಾಗಿ ತೆಗೆಯುವ ಇಂಗಾಲ ರೋಹಿತದಲ್ಲಿ ವಿಸ್ತೀರ್ಣದಿಂದ ಪರಮಾಣುಗಳನ್ನು ಎಣಿಸುವಂತಿಲ್ಲ. ಜಲಜನಕವಿಲ್ಲದ ಇಂಗಾಲಗಳ ರೇಖೆಗಳು ಗಿಡ್ಡವಾಗಿ ಬರುತ್ತವೆ.

೧೯೮೨ರಲ್ಲಿ ಪ್ರಕಟವಾದ ‘ಡೆಪ್ಟ್’ ಎಂಬ ವಿಧಾನ ಇದಕ್ಕೆ ಒಳ್ಳೆಯ ಜೊತೆಗಾರ. ಇದರ ಒಂದು ಬಗೆಯಲ್ಲಿ ಒಂದು ಅಥವಾ ಮೂರು ಜಲಜನಕಗಳಿರುವ ಇಂಗಾಲದ ರೇಖೆ ಮೇಲಕ್ಕೂ, ಎರಡಿರುವುದರ ರೇಖೆ ಕೆಳಕ್ಕೂ ಬರುತ್ತದೆ. ಜಲಜನಕವಿಲ್ಲದ ಇಂಗಾಲ ಕಾಣಿಸುವುದೇ ಇಲ್ಲ. ನಮ್ಮ ವಸ್ತುವಿನಲ್ಲಿ ೧೪ ಮತ್ತು ೨೧ರ ರೇಖೆಗಳು ಮೇಲಕ್ಕೆ, ೬೦ರದು ಕೆಳಕ್ಕೆ, ೧೭೧ರದು ಮಾಯ. ಅಣುವಿನ ಭಾಗಗಳ ಪಟ್ಟಿ ಪೂರ್ಣವಾಯಿತು. ಆದರೆ ಯಾವ ಭಾಗ ಯಾವುದರ ಪಕ್ಕದಲ್ಲಿದೆ ಎಂಬುದನ್ನು ಈ ಪಟ್ಟಿ ಹೇಳದು.

ಮೂರನೆಯ ವಿಧಾನ: ಎರಡು ಆಯಾಮಗಳ ನಕ್ಷೆ

೧೯೭೧ರಲ್ಲಿ ಬೆಲ್ಜಿಯಮಿನ ಜೀನರ್ ಅವರು ಯುಗೊಸ್ಲಾವಿಯದಲ್ಲಿ ನಡೆದ ಒಂದು ಬೇಸಿಗೆ ಶಿಬಿರದ ಉಪನ್ಯಾಸದಲ್ಲಿ ಹೊಸ ಕಲ್ಪನೆಯೊಂದನ್ನು ಮುಂದಿಟ್ಟರು. ರೇಡಿಯೋ ತರಂಗದ ಒಂದು ಮಿಡಿತದ ಬದಲು ಎರಡು ಮಿಡಿತಗಳನ್ನು ಕೊಡಬೇಕು. ಅವೆರಡರ ನಡುವಣ ಬಿಡುವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಮಾಪನವನ್ನು ಮತ್ತೆ ಮತ್ತೆ ಮಾಡಬೇಕು. ಬಿಡುವಿನಲ್ಲಿ ಒಂದು ಬೀಜದ ಆವೃತ್ತಿಯ ಗುರುತು ಉಳಿಯುತ್ತದೆ. ಎರಡನೆಯ ಮಿಡಿತದಿಂದ ಆ ಗುರುತು ಅದರೊಡನೆ ಸಂಬಂಧವುಳ್ಳ ಇನ್ನೊಂದು ಬೀಜಕ್ಕೆ ವರ್ಗವಾಗಬಹುದು. ಫಲವಾಗಿ ದೊರೆಯುವುದು ಒಂದು ರೇಖೆಯ ಮೇಲಿನ ಶಿಖರಗಳಲ್ಲ, ಒಂದು ನಕ್ಷೆ. ಭೂಪಟದಲ್ಲಿ ಊರನ್ನು ಅಕ್ಷಾಂಶ ರೇಖಾಂಶಗಳಿಂದ ಗುರುತಿಸುವಂತೆ ಇಲ್ಲಿ ಪ್ರತಿ ಚುಕ್ಕೆಗೂ ಎರಡು ಆವೃತ್ತಿಗಳು. ‘ಈ ಬೀಜಕ್ಕೂ ಆ ಬೀಜಕ್ಕೂ ನಂಟು ಉಂಟು’ ಎಂದು ಒಂದೊಂದು ಚುಕ್ಕೆಯೂ ಸಾರುತ್ತದೆ. ೧೯೭೬ರಲ್ಲಿ ಎರ್ನ್‌ಸ್ಟ್ ಮತ್ತು ಸಹಕಾರಿಗಳು ಇದನ್ನು ಸಾಧಿಸಿ ವಿವರವಾಗಿ ಪ್ರಕಟಿಸಿದರು. ೧೯೯೧ರಲ್ಲಿ ಎರ್ನ್‌ಸ್ಟ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಇಂತಹ ನಕ್ಷೆಗಳಲ್ಲಿ ಮೂರು ಬಗೆ ಮುಖ್ಯವಾದವು. ಮೊದಲನೆಯದು ‘ಕೋಸಿ’. ಇದು ನೆರೆಹೊರೆಯ ಇಂಗಾಲಗಳ ಮೇಲಿರುವ ಪ್ರೋಟಾನುಗಳ ನಂಟನ್ನು ತೋರಿಸುತ್ತದೆ. ಈಥೈಲ್ ಅಸಿಟೇಟಿನಲ್ಲಿ ೧.೨೬ಕ್ಕೂ ೪.೧೨ಕ್ಕೂ ಚುಕ್ಕೆಯಿದೆ, ೨.೦೪ ಒಂಟಿಯಾಗಿದೆ. ಎರಡನೆಯದು ‘ಎಚ್‌ಎಸ್‌ಕ್ಯೂಸಿ’. ಯಾವ ಪ್ರೋಟಾನ್ ಯಾವ ಇಂಗಾಲದ ಮೇಲೆ ಕುಳಿತಿದೆ ಎಂಬುದನ್ನು ಇದು ಹೇಳುತ್ತದೆ: ೧.೨೬ರ ಪ್ರೋಟಾನುಗಳು ೧೪ರ ಇಂಗಾಲದ ಮೇಲೆ, ೨.೦೪ರವು ೨೧ರ ಮೇಲೆ, ೪.೧೨ರವು ೬೦ರ ಮೇಲೆ. ಇಂಗಾಲವನ್ನು ನೇರವಾಗಿ ಕೇಳದೆ ಪ್ರೋಟಾನಿನ ಬಾಯಿಂದ ಇಂಗಾಲದ ಸುದ್ದಿಯನ್ನು ಕೇಳುವುದರಿಂದ ಸಂಕೇತ ಬಲವಾಗಿರುತ್ತದೆ. ಇಂಗಾಲ ರೋಹಿತಕ್ಕೆ ಸಾಲದಷ್ಟು ಅಲ್ಪ ವಸ್ತುವಿದ್ದರೂ ಇದು ಸಾಧ್ಯವಾಗುವುದುಂಟು.

ಮೂರನೆಯದು ೧೯೮೬ರಲ್ಲಿ ಬಂದ ‘ಎಚ್‌ಎಂಬಿಸಿ’. ರಚನೆಯ ಒಗಟನ್ನು ಬಿಡಿಸುವವರಿಗೆ ಇದು ಬಲಗೈಯಿದ್ದಂತೆ. ಪ್ರೋಟಾನಿನಿಂದ ಎರಡು ಅಥವಾ ಮೂರು ಬಂಧಗಳಾಚೆಗಿರುವ ಇಂಗಾಲಗಳನ್ನು ಇದು ತೋರಿಸುತ್ತದೆ. ಆಮ್ಲಜನಕ ನಡುವೆ ಬಂದರೆ ಕೋಸಿಯ ದಾರಿ ಕಡಿದುಹೋಗುತ್ತದೆ. ಎಚ್‌ಎಂಬಿಸಿ ಆ ಹಳ್ಳವನ್ನು ದಾಟುತ್ತದೆ. ಈಥೈಲ್ ಅಸಿಟೇಟಿನಲ್ಲಿ ೪.೧೨ರ ಪ್ರೋಟಾನುಗಳಿಂದ ಹೊರಟು, ಅವುಗಳ ಇಂಗಾಲ, ಆಮ್ಲಜನಕ, ಅನಂತರ ಕಾರ್ಬೊನಿಲ್ ಇಂಗಾಲ ಎಂದು ಬಂಧಗಳನ್ನು ಎಣಿಸಿದರೆ ಮೂರು. ಆದುದರಿಂದ ೪.೧೨ಕ್ಕೂ ೧೭೧ಕ್ಕೂ ಚುಕ್ಕೆ ಬರುತ್ತದೆ. ೨.೦೪ರ ಮೀಥೈಲಿನಿಂದ ಕಾರ್ಬೊನಿಲಿಗೆ ಎರಡೇ ಬಂಧ, ಅಲ್ಲಿಯೂ ಚುಕ್ಕೆಯಿದೆ. ೧.೨೬ರ ಮೀಥೈಲಿನಿಂದ ಕಾರ್ಬೊನಿಲಿಗೆ ನಾಲ್ಕು ಬಂಧಗಳಾದುದರಿಂದ ಸಾಮಾನ್ಯವಾಗಿ ಚುಕ್ಕೆ ಬರುವುದಿಲ್ಲ. ಮೀಥೈಲ್ ಪ್ರೊಪನೋಯೇಟಾಗಿದ್ದರೆ ಮೂರಾಗಿ ಸೀಳಿದ ಮೀಥೈಲ್ ಕಾರ್ಬೊನಿಲಿಗೆ ಮೂರೇ ಬಂಧಗಳ ದೂರದಲ್ಲಿದ್ದು ಚುಕ್ಕೆಯನ್ನು ಕೊಡುತ್ತಿತ್ತು. ಹೀಗೆ ಪಲ್ಲಟದಿಂದ ಊಹಿಸಿದ್ದ ರಚನೆಗೆ ಈಗ ಬಂಧಗಳ ಸಾಕ್ಷ್ಯವೂ ಸೇರಿತು.

ಆದರೂ ಇಲ್ಲಿ ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಎರಡು ಬಂಧಗಳ ನಂಟಿಗೂ ಮೂರು ಬಂಧಗಳ ನಂಟಿಗೂ ಈ ನಕ್ಷೆ ಭೇದ ತೋರಿಸುವುದಿಲ್ಲ. ಅಲ್ಲದೆ, ಇರಬೇಕಾದ ಚುಕ್ಕೆ ಕೆಲವೊಮ್ಮೆ ದುರ್ಬಲವಾಗಿ ಕಾಣದೆಹೋಗಬಹುದು. ನಾಲ್ಕು ಬಂಧಗಳ ಚುಕ್ಕೆ ಅಪರೂಪವಾಗಿ ಕಾಣಲೂಬಹುದು. ಚುಕ್ಕೆಯಿದ್ದರೆ ಅದು ಸಾಕ್ಷ್ಯ. ಚುಕ್ಕೆಯಿಲ್ಲದಿರುವುದು ತಾನಾಗಿಯೇ ಸಾಕ್ಷ್ಯವಲ್ಲ.

ನಾಲ್ಕನೆಯ ವಿಧಾನ: ಆಕಾರದ ಅರಿವು

ಇದುವರೆಗಿನ ವಿಧಾನಗಳೆಲ್ಲ ಬಂಧಗಳ ದಾರಿ ಹಿಡಿದು ನಡೆದವು. ಆದರೆ ಬಂಧಗಳ ಕ್ರಮ ಒಂದೇ ಆಗಿದ್ದರೂ ಆಕಾರ ಬೇರೆಯಾಗಿರಬಹುದು. ಮಜ್ಜಿಗೆಹುಲ್ಲಿನ ಎಣ್ಣೆಯ ನಿಂಬೆಯಂತಹ ಪರಿಮಳಕ್ಕೆ ಸಿಟ್ರಲ್ ಎಂಬ ವಸ್ತು ಕಾರಣ. ಅದು ವಾಸ್ತವವಾಗಿ ಜೆರಾನಿಯಲ್ ಮತ್ತು ನೆರಾಲ್ ಎಂಬ ಎರಡು ಸಮಾಂಗಿಗ‌ಳ ಮಿಶ್ರಣ. ಎರಡರಲ್ಲಿಯೂ ಯಾವುದಕ್ಕೆ ಯಾವುದು ಬಂಧಿತವೆಂಬುದು ಒಂದೇ. ಭೇದವಿರುವುದು ಒಂದು ದ್ವಿಬಂಧದ ಬಳಿ: ಜೆರಾನಿಯಲಿನಲ್ಲಿ ಅಲ್ಲಿನ ಮೀಥೈಲ್ ಗುಂಪು ಆಲ್ಡಿಹೈಡ್ ಗುಂಪಿರುವ ಪಕ್ಕದಲ್ಲಿದೆ, ನೆರಾಲಿನಲ್ಲಿ ಎದುರು ಪಕ್ಕದಲ್ಲಿದೆ. ದ್ವಿಬಂಧ ಸುಲಭವಾಗಿ ತಿರುಗದಾದುದರಿಂದ ಎರಡೂ ಬೇರೆ ಬೇರೆಯಾಗಿ ಉಳಿಯುತ್ತವೆ. ಕೋಸಿ, ಎಚ್‌ಎಂಬಿಸಿ ನಕ್ಷೆಗಳಲ್ಲಿ ಎರಡರ ನಂಟುಗಳೂ ಒಂದೇ.

ಇಲ್ಲಿ ಓವರ್‌ಹೌಸರ್ ಪರಿಣಾಮ ಬೇಕಾಗುತ್ತದೆ. ಓವರ್‌ಹೌಸರ್ ಎಂಬ ಭೌತವಿಜ್ಞಾನಿ ೧೯೫೩ರಲ್ಲಿ ಲೋಹಗಳಲ್ಲಿನ ಎಲೆಕ್ಟ್ರಾನು ಮತ್ತು ಬೀಜಗಳ ವಿಷಯವಾಗಿ ಮುನ್ಸೂಚಿಸಿದ ಪರಿಣಾಮವಿದು. ಎರಡು ಪ್ರೋಟಾನುಗಳ ನಡುವೆ ಬಂಧಗಳು ಎಷ್ಟೇ ಇರಲಿ, ಅವು ಒಂದಕ್ಕೊಂದು ಸಮೀಪದಲ್ಲಿದ್ದರೆ ಒಂದನ್ನು ಕದಲಿಸಿದಾಗ ಇನ್ನೊಂದರ ಸಂಕೇತದ ಬಲ ಬದಲಾಗುತ್ತದೆ. ೧೯೬೫ರಲ್ಲಿ ಅನೆಟ್ ಮತ್ತು ಬೋರ್ನ್ ಇದನ್ನು ರಚನೆಯ ನಿರ್ಧಾರಕ್ಕೆ ಬಳಸಿ ತೋರಿಸಿದರು. ಇದರ ಎರಡು ಆಯಾಮಗಳ ರೂಪಕ್ಕೆ ‘ನೋಸಿ’ ಎಂದು ಹೆಸರು. ದೂರ ಇಮ್ಮಡಿಯಾದರೆ ಪರಿಣಾಮ ಅರುವತ್ತನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ಸುಮಾರು ಅರ್ಧ ನ್ಯಾನೋಮೀಟರ್, ಎಂದರೆ ಮಿಲಿಮೀಟರಿನ ಇಪ್ಪತ್ತು ಲಕ್ಷದಲ್ಲಿ ಒಂದು ಪಾಲಿನಾಚೆಗೆ ಇದು ಕಾಣದು. ಜೆರಾನಿಯಲಿನಲ್ಲಿ ಮೀಥೈಲಿಗೂ ಆಲ್ಡಿಹೈಡಿನ ಪ್ರೋಟಾನಿಗೂ ಚುಕ್ಕೆ ಬರುತ್ತದೆ. ನೆರಾಲಿನಲ್ಲಿ ಅದೇ ಮೀಥೈಲಿಗೂ ದ್ವಿಬಂಧದ ಮೇಲಿನ ಪ್ರೋಟಾನಿಗೂ ಬಲವಾದ ಚುಕ್ಕೆ ಬರುತ್ತದೆ. ಆಕಾರ ತಿಳಿಯಿತು.

ಇದಕ್ಕೂ ಮಿತಿಯುಂಟು. ಅಣುತೂಕ ಸಾವಿರದ ಆಸುಪಾಸಿನಲ್ಲಿರುವಾಗ ಈ ಪರಿಣಾಮ ಶೂನ್ಯಕ್ಕೆ ಸಮೀಪಿಸುವುದುಂಟು. ಆಗ ‘ರೋಸಿ’ ಎಂಬ ಅದರ ಸೋದರ ವಿಧಾನವನ್ನು ಆಶ್ರಯಿಸುತ್ತಾರೆ.

ವಿಧಾನಗಳ ತುಲನೆ

ಇವುಗಳಲ್ಲಿ ಶ್ರೇಷ್ಠವಾದುದು ಯಾವುದೆಂದು ವಿದ್ಯಾರ್ಥಿಗಳು ಕೇಳಬಹುದು. ಪ್ರಶ್ನೆ ಯಾವುದೆಂದು ತಿಳಿಯದೆ ಈ ಮಾತಿಗೆ ಉತ್ತರವಿಲ್ಲ. ಜಲಜನಕಗಳೆಷ್ಟು, ಅವುಗಳ ಪರಿಸರ ಎಂತಹುದು ಎಂಬುದಕ್ಕೆ ಪ್ರೋಟಾನ್ ರೋಹಿತ. ಇದಕ್ಕೆ ವಸ್ತುವೂ ಕಾಲವೂ ಅಲ್ಪವೇ ಸಾಕು. ಇಂಗಾಲಗಳು ಎಷ್ಟು ಬಗೆ ಎಂಬುದಕ್ಕೆ ಇಂಗಾಲ ರೋಹಿತ. ಇದಕ್ಕೆ ಹೆಚ್ಚು ವಸ್ತು ಹೆಚ್ಚು ಕಾಲ ಬೇಕು. ಒಂದೊಂದು ಇಂಗಾಲದ ಮೇಲೆ ಜಲಜನಕವೆಷ್ಟು ಎಂಬುದಕ್ಕೆ ಡೆಪ್ಟ್. ಪ್ರೋಟಾನುಗಳ ನೆರೆಹೊರೆಗೆ ಕೋಸಿ, ಪ್ರೋಟಾನಿನ ಸ್ವಂತ ಮನೆಗೆ ಎಚ್‌ಎಸ್‌ಕ್ಯೂಸಿ, ತುಂಡುಗಳನ್ನು ಒಂದಕ್ಕೊಂದು ಬೆಸೆಯಲು ಎಚ್‌ಎಂಬಿಸಿ, ಆಕಾರಕ್ಕೆ ನೋಸಿ. ಒಂದರ ಕುರುಡುತನ ಇನ್ನೊಂದರ ಕಣ್ಣು. ಸ್ವತಂತ್ರವಾದ ಹಲವು ಸಾಕ್ಷ್ಯಗಳು ಒಂದೇ ರಚನೆಯನ್ನು ಹೇಳಿದಾಗ ಮಾತ್ರ ಅದನ್ನು ನಂಬಬಹುದು.

ಈ ಮಾತು ಎಷ್ಟು ಮುಖ್ಯವೆಂಬುದಕ್ಕೆ ಹೆಕ್ಸಾಸೈಕ್ಲಿನಾಲ್ ಎಂಬ ವಸ್ತುವಿನ ಕತೆಯೇ ಸಾಕ್ಷಿ. ಒಂದು ಶಿಲೀಂಧ್ರದಿಂದ ಪಡೆದ ಈ ವಸ್ತುವಿನ ರಚನೆಯನ್ನು ೨೦೦೨ರಲ್ಲಿ ಅನುರಣನೆಯ ಆಧಾರದಿಂದಲೇ ಸೂಚಿಸಿದ್ದರು. ೨೦೦೬ರಲ್ಲಿ ಆ ರಚನೆಯ ಅಣುವನ್ನು ಪ್ರಯೋಗಾಲಯದಲ್ಲಿ ಕಟ್ಟಿದುದಾಗಿ ಒಂದು ಪ್ರಬಂಧವೂ ಬಂತು. ಅದೇ ವರ್ಷ ರಿಚ್ನೋವ್ಸ್ಕಿ ಎಂಬ ರಸಾಯನವಿಜ್ಞಾನಿ, ಸೂಚಿತ ರಚನೆಯ ಇಂಗಾಲ ಪಲ್ಲಟಗಳು ಎಷ್ಟಿರಬೇಕೆಂದು ಕ್ವಾಂಟಂ ಸಿದ್ಧಾಂತದಿಂದ ಲೆಕ್ಕಹಾಕಿದರು. ಲೆಕ್ಕಕ್ಕೂ ಅಳತೆಗೂ ತಾಳೆಯಾಗಲಿಲ್ಲ. ಅವರು ಬೇರೊಂದು ರಚನೆಯನ್ನು ಸೂಚಿಸಿದರು. ಅದರ ಪಲ್ಲಟಗಳು ಚೆನ್ನಾಗಿ ಹೊಂದಿದವು. ಬಳಿಕ ಬಾಸ್ಟನ್ನಿನಲ್ಲಿ ಪೋರ್ಕೊ ಅವರ ತಂಡ ಈ ಹೊಸ ರಚನೆಯ ಅಣುವನ್ನು ಕಟ್ಟಿತು. ಅದರ ರೋಹಿತಗಳು ನೈಸರ್ಗಿಕ ವಸ್ತುವಿನವುಗಳೊಡನೆ ಸರಿಹೊಂದಿದವು, ಎಕ್ಸ್‌ಕಿರಣಗಳೂ ರಚನೆಯನ್ನು ಸಮರ್ಥಿಸಿದವು. ಹಳೆಯ ರಚನೆಯನ್ನು ಕಟ್ಟಿದೆವೆಂದಿದ್ದ ಪ್ರಬಂಧವನ್ನು ೨೦೧೨ರಲ್ಲಿ ಹಿಂತೆಗೆದುಕೊಳ್ಳಲಾಯಿತು. ರೋಹಿತ ಸುಳ್ಳು ಹೇಳಿರಲಿಲ್ಲ. ಅದನ್ನು ಓದಿದವರು ಎಡವಿದ್ದರು.

ದೊಡ್ಡ ಅಣುಗಳತ್ತ

ಪ್ರೋಟೀನಿನಂತಹ ಅಣುವಿನಲ್ಲಿ ಸಾವಿರಾರು ಪರಮಾಣುಗಳಿರುತ್ತವೆ. ಅಲ್ಲಿಯೂ ಇದೇ ತತ್ತ್ವ: ಬಂಧಗಳ ನಂಟಿನಿಂದ ಪ್ರೋಟಾನುಗಳನ್ನು ಗುರುತಿಸುವುದು, ಓವರ್‌ಹೌಸರ್ ಪರಿಣಾಮದಿಂದ ಅವುಗಳ ಅಂತರಗಳನ್ನು ತಿಳಿಯುವುದು, ಆ ಅಂತರಗಳಿಗೆಲ್ಲ ಒಪ್ಪುವ ಆಕಾರವನ್ನು ಗಣಕದಿಂದ ಕಟ್ಟುವುದು. ಪ್ರೋಟೀನಿನಲ್ಲಿ ಈ ಪರಿಣಾಮದ ಎರಡು ಆಯಾಮಗಳ ನಕ್ಷೆಯನ್ನು ತೆಗೆದ ೧೯೮೦ರ ಪ್ರಸಿದ್ಧ ಪ್ರಬಂಧದ ಕರ್ತೃಗಳು ಅನಿಲ್ ಕುಮಾರ್, ಎರ್ನ್‌ಸ್ಟ್ ಮತ್ತು ವ್ಯೂಥ್ರಿಕ್. ಅನಿಲ್ ಕುಮಾರ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದರು. ೧೯೮೫ರಲ್ಲಿ ವ್ಯೂಥ್ರಿಕ್ ಅವರ ತಂಡ ಒಂದು ಸಣ್ಣ ಪ್ರೋಟೀನಿನ ಆಕಾರವನ್ನು ದ್ರಾವಣದಲ್ಲಿಯೇ ನಿರ್ಧರಿಸಿತು. ೨೦೦೨ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ಅಭ್ಯಾಸ

ಒಂದು ದ್ರವದ ಅಣುವಿನಲ್ಲಿ ಮೂರು ಇಂಗಾಲ, ಆರು ಜಲಜನಕ, ಒಂದು ಆಮ್ಲಜನಕ ಪರಮಾಣುಗಳಿವೆ. ಅದರ ಪ್ರೋಟಾನ್ ರೋಹಿತದಲ್ಲಿ ೨.೧೭ರಲ್ಲಿ ಸೀಳಿಲ್ಲದ ಒಂದೇ ಶಿಖರ. ಇಂಗಾಲ ರೋಹಿತದಲ್ಲಿ ಸುಮಾರು ೩೦ ಮತ್ತು ೨೦೬ರಲ್ಲಿ ಎರಡೇ ರೇಖೆಗಳು. ಇದು ಅಸಿಟೋನೋ, ಪ್ರೊಪನಾಲ್ ಎಂಬ ಆಲ್ಡಿಹೈಡೋ? ಮೂರು ಇಂಗಾಲಗಳಿದ್ದರೂ ಎರಡೇ ರೇಖೆಗಳೇಕೆ? ಡೆಪ್ಟ್‌ನಲ್ಲಿ ಯಾವ ರೇಖೆ ಮಾಯವಾಗುತ್ತದೆ? ಈ ವಸ್ತುವಿಗೆ ಕೋಸಿ ನಕ್ಷೆಯಿಂದ ಪ್ರಯೋಜನವುಂಟೆ? ಉತ್ತರದೊಡನೆ ಕಾರಣಗಳನ್ನೂ ಬರೆದು ನೋಡಿರಿ.